ಪರದೆಯಲ್ಲಿಲ್ಲದ ಸಾಲು

ಮಾರ್ಚ್ 3, ಭಾನುವಾರ. ಸಂಜೆ 7

ಇವತ್ತಿನದು ಫ್ರೆಂಚ್. ಕಪ್ಪು ಬಿಳುಪು, ಅರವತ್ತು ವರ್ಷ ಹಳೆಯದಂತೆ. ಒಬ್ಬಳು ರೈಲ್ವೆ ಸ್ಟೇಷನ್ನಿನಲ್ಲಿ ಕೂತು ಸಿಗರೇಟು ಸೇದುತ್ತಾಳೆ. ರೈಲು ಬರುತ್ತದೆ, ಹತ್ತುವುದಿಲ್ಲ. ಇನ್ನೊಂದು ಬರುತ್ತದೆ, ಅದನ್ನೂ ಹತ್ತುವುದಿಲ್ಲ. ಮೂರನೆಯದನ್ನು ಹತ್ತಿದಳು, ಸಿನಿಮಾ ಮುಗಿಯಿತು. ಅವಳು ಮೊದಲನೆಯದನ್ನೇ ಹತ್ತಿದ್ದರೆ ನಾನು ನಾಲ್ಕಕ್ಕೆ ಮನೆಗೆ ಬಂದು ಬಟ್ಟೆ ಒಗೆದುಕೊಳ್ಳುತ್ತಿದ್ದೆ.

ಗಂಟಲು ಒಣಗಿದೆ. ಎರಡು ಗಂಟೆ ಸಬ್‌ಟೈಟಲ್ ಓದಿದ್ದು ಯಾರಿಗೆ — ಭಾವನಿಗೆ. ಕಣ್ಣಿನ ಆಪರೇಷನ್ ಆಗಿ, ನಾನು ಕೆಲಸ ಮಾಡುವ ಕನ್ನಡಕದಂಗಡಿಯಲ್ಲಿ ನಾನೇ ಹೊಸ ಕನ್ನಡಕ ಮಾಡಿಕೊಟ್ಟರೂ ಅಕ್ಷರ ಅಲ್ಲಾಡುತ್ತವಂತೆ. ಅಕ್ಕನ ಮಗಳು ಟ್ರೇನಿಂಗಿಗೆ ಹೋಗುವ ಮುಂಚೆ ಒಂದು ಹಾರ್ಡ್‌ಡಿಸ್ಕಿಗೆ ಕನ್ನಡ ಸಬ್‌ಟೈಟಲ್ ಇರುವ ದೇಶದೇಶದ ಸಿನಿಮಾ ತುಂಬಿಕೊಟ್ಟು, "ಚಿಕ್ಕಮ್ಮ, ಭಾನುವಾರ ಭಾನುವಾರ ಹೋಗಿ ಅಪ್ಪಂಗೆ ಓದಿ ಹೇಳು, ಪ್ಲೀಸ್" ಅಂದಳು. ಅವಳು ಕೇಳಿದರೆ ಇಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ. ಹೀಗಾಗಿ ಹದಿನೆಂಟು ವರ್ಷದಿಂದ ಮುಖ ಕೊಟ್ಟು ಮಾತಾಡದ ಮನುಷ್ಯನ ಪಕ್ಕ ಕೂತು ಫ್ರೆಂಚ್ ಹೆಂಗಸಿನ ಗೋಳು ಓದುವ ಭಾಗ್ಯ.

ಮಾರ್ಚ್ 10, ಭಾನುವಾರ

ಜಪಾನ್. ಕತ್ತಿಯವರು. ಒಬ್ಬ ಒರೆಯಿಂದ ಕತ್ತಿ ತೆಗೆಯಲು ನಲವತ್ತು ನಿಮಿಷ ತೆಗೆದುಕೊಂಡ. ಮಧ್ಯೆ ಒಂದು ಎಲೆ ಉದುರಿತು. ಭಾವ "ಆಹಾ" ಅಂದರು. ಎಲೆ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಎಲೆಗೆ ಆಹಾ ಅನ್ನುವ ಮನುಷ್ಯ ಹೆಂಡತಿಗೆ...

ಬೇಡ ಅಂದುಕೊಂಡಿದ್ದೆ. ಬರೆದೇಬಿಡುತ್ತೇನೆ, ಯಾರು ಓದುತ್ತಾರೆ. ಭಾವ ಥಿಯೇಟರಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದರು. ಹದಿನೆಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಕ್ಕ ಅಡುಗೆಮನೆಯಲ್ಲೇ ಕುಸಿದಳು. ಆಸ್ಪತ್ರೆಗೆ ಸೇರಿಸಿ ಥಿಯೇಟರಿಗೆ ಫೋನ್ ಮಾಡಿದೆ. ಮ್ಯಾನೇಜರ್ ಪ್ರೊಜೆಕ್ಟರ್ ಕ್ಯಾಬಿನ್ನಿಗೆ ಹೋಗಿ ಭಾವನನ್ನು ಕೇಳಿ ಬಂದು ಹೇಳಿದ: "ಮ್ಯಾಟಿನಿ ಮುಗಿಸ್ಕೊಂಡು ಬರ್ತಾರಂತೆ. ಇಪ್ಪತ್ತು ನಿಮಿಷಕ್ಕೊಂದು ರೀಲ್ ಬದಲಾಯಿಸ್ಬೇಕಲ್ಲಮ್ಮ." ಅಕ್ಕ ಎರಡು ಸಲ ಕೇಳಿದಳು, "ಬಂದ್ರಾ?" ಎಂದು. ನಾಲ್ಕು ಹತ್ತಕ್ಕೆ ಹೋದಳು. ಷೋ ಬಿಟ್ಟಿದ್ದು ಐದಕ್ಕೆ.

ಅಳಲಿ ಅಂತ ನಾನು ಕೇಳಿಲ್ಲ. ಒಂದು ಮಾತು — ನಾನು ಬರಬೇಕಿತ್ತು — ಇಷ್ಟು ಅಂದಿದ್ದರೆ ಸಾಕಿತ್ತು. ಇವತ್ತಿನವರೆಗೆ ಅಂದಿಲ್ಲ. ಯಾರು ಕೇಳಿದರೂ "ಹಾಲ್ ತುಂಬಿತ್ತು" ಅನ್ನುತ್ತಾರೆ.

ಮಾರ್ಚ್ 17, ಭಾನುವಾರ

ಹಂಗೇರಿ. ಯುದ್ಧ. ಎರಡು ಗಂಟೆ ಬರೀ ಕೆಸರು. ಯಾರು ಯಾರ ಕಡೆಯವರು ಅಂತ ಅವರಿಗೇ ಗೊತ್ತಿಲ್ಲ, ಎಲ್ಲರ ಮುಖಕ್ಕೂ ಮಣ್ಣು ಮೆತ್ತಿದೆ. ತೆಗೆದವನನ್ನು ಅದೇ ಕೆಸರಿನಲ್ಲಿ ಒಂದು ದಿನ ನಿಲ್ಲಿಸಬೇಕು.

ಕೊನೆಯಲ್ಲಿ ಸಿಪಾಯಿ ಮನೆಗೆ ಬರುತ್ತಾನೆ. ಹೆಂಡತಿ ಬಾಗಿಲಲ್ಲಿ. ಪರದೆಯ ಮೇಲೆ "ತಿನ್ನಲು ಏನಾದರೂ ಇದೆಯಾ?" ಅಂತಿತ್ತು. ನಾನು ಓದಿದ್ದು — "ನಾನು ಬರಬೇಕಿತ್ತು."

ಬಾಯಿಗೆ ಬಂದುಬಿಟ್ಟಿತು. ಭಾವನ ಕೈಯಲ್ಲಿದ್ದ ಟೀ ಲೋಟ ಅರ್ಧಕ್ಕೆ ನಿಂತಿತು. ಆಮೇಲೆ ಕುಡಿದರು.

ಮಾರ್ಚ್ 31, ಭಾನುವಾರ

ರುಚಿ ಹತ್ತಿದೆ. ಹೋದ ವಾರ ಮೆಕ್ಸಿಕೊ. ಅವಳಿ ಅಕ್ಕತಂಗಿ, ಇಬ್ಬರಿಗೂ ಒಬ್ಬನೇ ಗಂಡ ಬೇಕು. ಆ ಮೀಸೆಗೆ ಒಬ್ಬಳು ಬಂದಿದ್ದೇ ಹೆಚ್ಚು. ಅವನ ಬಾಯಲ್ಲೂ ಅದೇ ಮಾತು ಹಾಕಿದೆ. ಇವತ್ತು ಅಮೆರಿಕ, ಎಂಬತ್ತರ ದಶಕ. ಹನ್ನೊಂದು ಕಾರು ಸುಟ್ಟವು, ಹೀರೋನ ಕ್ರಾಪು ಕೆದರಲಿಲ್ಲ. ಉರಿಯುವ ಕಾರಿನ ಮುಂದೆ ನಿಂತು ಅವನೂ "ನಾನು ಬರಬೇಕಿತ್ತು" ಅಂದ. ಅಂದರೆ, ನಾನು ಅನ್ನಿಸಿದೆ.

ಭಾವ ಗಡ್ಡ ಕೆರೆದುಕೊಂಡರು. "ಅಲ್ಲ ಪುಟ್ಟಿ, ಬರ್ಬೇಕಾದವ್ರು ಬರ್ದೇ ಇರೋ ಕಥೇನೇ ಎಲ್ಲ ದೇಶದಲ್ಲೂ ತೆಗೀತಾರಲ್ಲ."

"ಎಲ್ಲ ದೇಶದಲ್ಲೂ ಅಂಥವ್ರು ಇರ್ತಾರೆ, ಭಾವ," ಅಂದೆ.

ಐವತ್ತೊಂದು ನನಗೆ. ಇನ್ನೂ ಪುಟ್ಟಿಯಂತೆ. ಮೈಯೆಲ್ಲ ಉರಿಯುತ್ತದೆ.

ಏಪ್ರಿಲ್ 14, ಭಾನುವಾರ

ಜರ್ಮನಿ. ನೂರು ವರ್ಷ ಹಳೆಯ ಮೂಕಿ. ಎಲ್ಲರೂ ಕಣ್ಣಿಗೆ ಮಸಿ ಬಳಿದುಕೊಂಡು ಗೋಡೆ ಹಿಡಿದು ನಡೆಯುತ್ತಾರೆ. ಇಲ್ಲಿಯವರೆಗೆ ನೋಡಿದ್ದರಲ್ಲಿ ಇದೇ ವಾಸಿ, ಓದುವುದು ಕಡಿಮೆ. ನಡುನಡುವೆ ಅಕ್ಷರದ ಹಲಗೆ ಬರುತ್ತದೆ, ಅಷ್ಟೆ. ಒಂದು ಹಲಗೆ ನನ್ನದು.

ಇಷ್ಟು ದೇಶದ ಗಂಡಸರು ಅಂದಾಯಿತು. ಇವರೊಬ್ಬರು ಅನ್ನುವುದಿಲ್ಲ.

ಮುಗಿದ ಮೇಲೆ ಭಾವ ಎರಡು ಬೆರಳಿನಿಂದ ಹುಬ್ಬು ಒತ್ತಿಕೊಂಡರು. ದಿನಾ ತಲೆನೋವಂತೆ. ಐದು ತಿಂಗಳಿಂದ ಮಾತ್ರೆ. "ನಲವತ್ತು ವರ್ಷ ಸಿನಿಮಾ ತೋರಿಸ್ದೆ. ಕ್ಯಾಬಿನ್ನಲ್ಲಿ ಮೆಷಿನ್ ಸದ್ದಿಗೆ ಒಂದ್ ಮಾತೂ ಕೇಳ್ತಿರ್ಲಿಲ್ಲ. ಈಗ್ಲಾದ್ರೂ ನೋಡೋಣ ಅಂದ್ರೆ ಡಾಕ್ಟ್ರು ಕಣ್ಣು ಕೆಡಿಸಿಬಿಟ್ರು." ಕನ್ನಡಕದ ಕಡ್ಡಿಯ ಸ್ಕ್ರೂ ಸಡಿಲವಾಗಿತ್ತು. ಬಿಗಿಮಾಡಿ ತರುತ್ತೇನೆಂದು ತಂದಿದ್ದೇನೆ.

ಏಪ್ರಿಲ್ 15, ಸೋಮವಾರ. ಮಧ್ಯಾಹ್ನ, ಅಂಗಡಿಯ ಹಿಂದಿನ ರೂಮು

ಡಾಕ್ಟರಲ್ಲ. ನಾನು.

ಸ್ಕ್ರೂ ಬಿಗಿಮಾಡಿ, ಕೈ ಖಾಲಿ ಇತ್ತು ಅಂತ ಪವರ್ ನೋಡುವ ಮೆಷಿನ್ನಿಗೆ ಇಟ್ಟೆ. ಬಲಗಣ್ಣಿನ ಪವರ್ ಎಡಕ್ಕಿದೆ, ಎಡದ್ದು ಬಲಕ್ಕಿದೆ. ಡಾಕ್ಟರ ಚೀಟಿ ತೆಗೆದು ಮೂರು ಸಲ ನೋಡಿದೆ.

ನಮ್ಮಲ್ಲಿ ರೂಢಿ ಹಾಗೆ — ಕೆಲಸದವರ ಮನೆಯ ಕನ್ನಡಕಕ್ಕೆ ಆರ್ಡರ್ ಚೀಟಿ ಬರೆಯುವುದಿಲ್ಲ. ಗಿರಾಕಿಗಳದೆಲ್ಲ ಮುಗಿದ ಮೇಲೆ ಕೊನೆಗೆ ಮಾಡಿಕೊಳ್ಳುವುದು. ಚೀಟಿ ಇಲ್ಲದ್ದು ಓನರ್ ಕೈಗೆ ಚೆಕ್ಕಿಂಗಿಗೂ ಹೋಗುವುದಿಲ್ಲ. ಇಪ್ಪತ್ತಾರು ವರ್ಷದಿಂದ, ಎಡಬಲ ಅದಲುಬದಲಾಗದಿರಲಿ ಅಂತ, ಪ್ರತಿ ಬಲಗ್ಲಾಸಿಗೂ ಮೇಣದ ಪೆನ್ಸಿಲ್ಲಿನಲ್ಲಿ ಚುಕ್ಕೆ ಇಟ್ಟೇ ಉಜ್ಜಲು ಕೂರುವವಳು ನಾನು. ಭಾವನದು ಮಾಡಿದ ಸಂಜೆ ಇಡಲಿಲ್ಲ. ಈ ಮನುಷ್ಯನಿಗೆ ಇಷ್ಟು ಸಾಕು ಅಂತ ಹಲ್ಲು ಕಚ್ಚಿಕೊಂಡು ಮಾಡಿದ್ದು ನೆನಪಿದೆ.

ಐದು ತಿಂಗಳ ಮಾತ್ರೆ.

ಏಪ್ರಿಲ್ 28, ಭಾನುವಾರ

ಹೋಗಲಿಲ್ಲ. ಹೋದ ವಾರವೂ ಇಲ್ಲ. ಜ್ವರ ಅಂದೆ. ಜ್ವರವಿಲ್ಲ.

ಹೊಸ ಗ್ಲಾಸು ಮಾಡುವುದು ಒಂದು ಗಂಟೆಯ ಕೆಲಸ. ಮಾಡಿಕೊಟ್ಟರೆ ಹೇಳಬೇಕು. ಹದಿನೆಂಟು ವರ್ಷ ಒಂದು ಮಾತಿಗೆ ಕಾದವಳು ನಾನು. ಈಗ ಮೊದಲು ತಪ್ಪಾಯಿತು ಅನ್ನಬೇಕಾದವಳೂ ನಾನೇ ಆಗಬೇಕೆ? ಹೇಳದೆ ಕೊಟ್ಟರೂ ಮುಗಿಯಿತು — ಅವರೇ ಓದಿಕೊಳ್ಳುತ್ತಾರೆ, ಹಳೆಯ ಸಿನಿಮಾ ತಿರುಗಿ ಹಾಕಿದರೆ ನನ್ನ ಬಂಡವಾಳ ಬಯಲು.

ಅಕ್ಕನ ಮಗಳ ಫೋನು. "ಅಪ್ಪ ಆಪರೇಷನ್‌ಗೆ ಮುಂಚಿನ ಹಳೇ ಕನ್ನಡಕ ಹಾಕ್ಕೊಂಡು ಕೂತಿದಾರಂತೆ. ಪುಟ್ಟಿ ಇಲ್ದೆ ನಾನೇನು ನೋಡ್ಲಿ ಅಂತಾರೆ, ಚಿಕ್ಕಮ್ಮ." ಸಿಟ್ಟು ಬಂತು. ಅವರ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ.

ಮೇ 9, ಗುರುವಾರ

ಮಾಡಿದೆ. ಚೀಟಿ ಬರೆದೆ, ಚುಕ್ಕೆ ಇಟ್ಟೆ. ಓನರ್ ಕೈಯಲ್ಲೇ ಚೆಕ್ ಮಾಡಿಸಿದೆ. "ಮನೇವ್ರದ್ದಕ್ಕೂ ಚೀಟಿನಾ?" ಅಂತ ಕೇಳಿದರು. ಇನ್ನು ಮೇಲೆ ಹೌದು ಅಂದೆ.

ಮೇ 12, ಭಾನುವಾರ. ಸಂಜೆ 6

ಬಾಗಿಲಲ್ಲೇ ಹೇಳಿದೆ, ಒಳಗೆ ಹೋದರೆ ಹೇಳುತ್ತಿರಲಿಲ್ಲ. "ಭಾವ, ಡಾಕ್ಟ್ರದ್ದೇನೂ ತಪ್ಪಿಲ್ಲ. ಬಲಗಣ್ಣಿಂದು ಎಡಕ್ಕೆ ಹಾಕಿಬಿಟ್ಟಿದ್ದೆ. ಸಿಟ್ಟಲ್ಲಿ ಮಾಡ್ದೆ, ನೋಡ್ಲಿಲ್ಲ. ನಿಮ್ಮ ತಲೆನೋವೆಲ್ಲ ನನ್ನಿಂದ್ಲೇ."

ಅವರು ಕನ್ನಡಕ ಹಾಕಿಕೊಂಡರು. ಗೋಡೆಯ ಕ್ಯಾಲೆಂಡರ್ ನೋಡಿದರು. ತಾರೀಕು ಓದಿ, ಕೆಳಗೆ ಇರುವೆ ಸಾಲಿನ ಹಾಗಿದ್ದ ಪ್ರೆಸ್ಸಿನ ಹೆಸರೂ ಓದಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ನನಗೂ ಸುಲಭವಾಗುತ್ತಿತ್ತು.

"ನಾನೂ ಒಂದ್ಸಲ ಮೂರನೇ ರೀಲಿಗೆ ಮೊದ್ಲು ನಾಲ್ಕನೇದು ಓಡಿಸಿದ್ದೆ," ಅಂದರು. "ಸತ್ತೋನು ಎದ್ದು ಬಂದು ಮದುವೆ ಆದ. ಹಾಲಲ್ಲಿ ಒಬ್ರೂ ಕೇಳ್ಲಿಲ್ಲ." ನಗು ಬಂತು. ಬರಬಾರದಿತ್ತು, ಬಂತು.

ಇವತ್ತು ಫಿನ್‌ಲೆಂಡ್. "ಇಷ್ಟು ದಿನ ನೀನು ಓದ್ದೆ. ಇವತ್ತು ನಾನು ಓದ್ತೀನಿ, ನೀನು ಕೂತ್ಕೊ," ಅಂದರು. ಸಿನಿಮಾ ದಂಡ. ಹಿಮ, ಮುದುಕ, ಮುದುಕಿ, ಒಂದು ಟೇಬಲ್ಲು. ಆ ಟೇಬಲ್ಲಿಗೇ ಹೆಚ್ಚು ಪಾರ್ಟು. ಭಾವ ಶಾಲೆಯ ಹುಡುಗರ ಹಾಗೆ ಬಿಡಿಸಿ ಬಿಡಿಸಿ ಓದಿದರು. ನಾನು ಪ್ರತಿ ಸಾಲನ್ನೂ ಪರದೆಯ ಜೊತೆ ತಾಳೆ ನೋಡುತ್ತಿದ್ದೆ. ಒಂದಕ್ಷರ ತಪ್ಪಲಿಲ್ಲ. ಗ್ಲಾಸು ಸರಿಯಾಗಿದೆ.

ಮುಕ್ಕಾಲು ಸಿನಿಮಾ ಆಗಿತ್ತು. ಮುದುಕ ತಟ್ಟೆಯಿಂದ ತಲೆಯೆತ್ತಿ ಮುದುಕಿಗೆ ಏನೋ ಹೇಳಿದ. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಬಂತು: "ಬಾಗಿಲು ಹಾಕು, ಚಳಿ."

ಭಾವ ಓದಿದರು. "ನಾನು ಬರಬೇಕಿತ್ತು."

ಕಣ್ಣು ಪರದೆಯ ಮೇಲೇ ಇತ್ತು. ಮುದುಕಿ ಎದ್ದು ಹೋಗಿ ಬಾಗಿಲು ಹಾಕಿದಳು. ಮುಂದಿನ ಸಾಲು ಬಂತು, ಅದರ ಮುಂದಿನದೂ ಬಂತು. ಇಬ್ಬರೂ ಓದಲಿಲ್ಲ.

ಸಿನಿಮಾದ ಕೊನೆ ಹೇಗಿತ್ತು ಅಂತ ಬರೆಯಬೇಕು. ಕೊನೆ ನಾನು ನೋಡಲೇ ಇಲ್ಲ.