ಅಬ್ಬಾನ ಜಾಗಕ್ಕ ಗೊಬ್ಬರ ಬ್ಯಾಡ

ಶಾಹೀದ,

ನಾ ಹಿಟ್ನಾಳ ಸಾಲಿಗೆ ಹೊಂಟೇನಿ. ಇವತ್ತರ ಅಂಗಳದ ಹುಲ್ಲಿಗೆ ಗೊಬ್ಬರ ಹಾಕು. ಅಬ್ಬಾನ ಮಣ್ಣಿಗೆ ಬಂದ ಮಂದಿ ತುಳಿದು ನೆಲ ಕಲ್ಲಾಗೈತಿ. ಮೊದಲ ಸಲಾಕಿಲೆ ಚುಚ್ಚಿ ಸಡ್ಲ ಮಾಡು, ಆಮ್ಯಾಲೆ ಗೊಬ್ಬರ ಸಾಣಿಸಿ ತೆಳ್ಳಗ ಉದುರ್ಸು. ಹೋದ ಸಲದಂಗ ಬುಟ್ಟಿಗಟ್ಲೆ ಸುರುವಿದ್ರ ಹುಲ್ಲು ಉಸಿರುಗಟ್ಟಿ ಸಾಯ್ತೈತಿ, ಎಷ್ಟ ಸಲ ಹೇಳ್ಲಿ?

ಅಬ್ಬಾಗ ಕಡೀ ಜಳಕ ಮಾಡ್ಸಿದ ನೀರು ಯಾರೂ ತುಳೀಬಾರದಂತ ತಗ್ಗು ತೋಡಿದ್ವಲ್ಲ, ಆ ಬೋಳು ಜಾಗಾ ಹಂಗ ಬಿಡು. ಅದನ್ನ ನೋಡಿ ಅಮ್ಮಿ ಅಳ್ತಾಳಂತ ನೀ ಹುಲ್ಲಿಲೆ ಮುಚ್ಚಾಕ ಹೊಂಟೀದಿ, ನನಗ ಗೊತ್ತೈತಿ. ಆದ್ರ ನಿನ್ನೆ ಅಕಿನ ನನ್ನ ಕೈ ಹಿಡದು ಹೇಳಿದ್ಲು: “ಗಂಡಸರು ಖಬರಸ್ತಾನಕ್ಕ ಹೋಗಿ ಬರ್ತಾರ, ನಾವು ಹೋಗಂಗಿಲ್ಲ. ನನಗ ಇದೊಂದ ಜಾಗಾ ಐತಿ. ಇಲ್ಲಿ ಹುಲ್ಲು ಬೆಳಸಬ್ಯಾಡ್ರಿ.”

ನಿಶಾತ ಆಪಾ