ಠರಾವಿನಲ್ಲಿ ಬಿಟ್ಟ ಖಾಲಿ ಜಾಗ

ತೋಟದ ಮನೆ, ಭೋಜ ರಸ್ತೆ
19 ಅಕ್ಟೋಬರ್ 2014, ರವಿವಾರ

ಈಶ್ವರ ಅವರಿಗೆ,

ನಿಮ್ಮ ಹೆಸರು ಹಿಡಿದು ನನ್ನ ಪತ್ರವೊಂದು ಶುರುವಾಗುತ್ತಿರುವುದು ಇದೇ ಮೊದಲು. ಮದುವೆಯ ದಿನ ಒಡಪು ಕಟ್ಟಿ ಗಂಡನ ಹೆಸರು ಹೇಳಲು ಬಾರದೆ, ಕಾನ್ವೆಂಟಿನಲ್ಲಿ ಕಲಿತ ಸೊಸೆ ಎಂದು ನಗೆಪಾಟಲಾಗಿದ್ದೆ. ಆಮೇಲೆ ಇಪ್ಪತ್ತೆರಡು ವರ್ಷ ‘ಇವರು’, ‘ಮನೆಯವರು’ ಎಂದೇ ಕಳೆಯಿತು. ಇಂದು ಹೆಸರು ಬೇಕೆನಿಸಿತು. ಯಾರು ಏನು ಮಾಡಿದರು ಎಂದು ಹೇಳುವಾಗ ಹೆಸರಿಲ್ಲದಿದ್ದರೆ ಮಾತು ಜಾರಿಹೋಗುತ್ತದೆ.

ಫೋನಿನಲ್ಲಿ ಈ ವಿಷಯ ತೆಗೆದಾಗಲೆಲ್ಲ ನೀವು ‘ಮೀಟಿಂಗಿನ್ಯಾಗ ಅದೀನಿ’ ಎನ್ನುತ್ತೀರಿ. ಚಿಕ್ಕೋಡಿಯಲ್ಲಿ ಮನೆ ಮಾಡಿದ ಈ ಎರಡು ವರ್ಷಗಳಲ್ಲಿ ನಿಮ್ಮ ಮೀಟಿಂಗು ಮುಗಿದದ್ದನ್ನು ನಾನು ಕಂಡಿಲ್ಲ. ಪತ್ರವನ್ನಾದರೂ ಯಾವಾಗಲೋ ತೆರೆಯುತ್ತೀರಿ ಎಂದು ನಂಬಿದ್ದೇನೆ.

ನಾಳೆ ಬಾಂದಾರಕ್ಕೆ ಬರ್ಗಾ ಹಾಕುತ್ತಾರೆ. ಹೊಳೆಗೆ ಅಡ್ಡ ನಿಂತ ಕಲ್ಲುಕಂಬಗಳ ನಡುವೆ ಕಬ್ಬಿಣದ ಹಲಗೆಗಳನ್ನು ಎರಡು ಸಾಲಾಗಿ ಇಳಿಸಿ, ನಡುವೆ ಜೇಡಿಮಣ್ಣು ತುಳಿದು ಬೇಸಿಗೆಗೆ ನೀರು ಹಿಡಿಯುವ ಈ ಕೆಲಸ ನಿಮಗೆ ಹೊಸದಲ್ಲ. ನಿಮ್ಮ ಕಬ್ಬು ನಿಂತಿರುವುದು ಆ ನೀರಿನ ಮೇಲೆಯೇ. ಹೊಸದು ಇಷ್ಟೇ. ಈ ವರ್ಷ ಶೇವಂತಾಳನ್ನು ಯಾರೂ ಕರೆದಿಲ್ಲ. ಅಕ್ಕವ್ವನ ಮಗಳನ್ನು ಬಿಟ್ಟು ನಮ್ಮೂರಲ್ಲಿ ಬರ್ಗಾ ಇಳಿಯುತ್ತಿದೆ.

ಅಕ್ಕವ್ವನನ್ನು ನೀವು ಮರೆತಿರಬಹುದು. ನೀವು ಮರೆತದ್ದನ್ನು ನೆನಪಿಸುವುದು ಹೆಂಡತಿಯ ಕೆಲಸವೆಂದು ನೀವೇ ಹೇಳುತ್ತಿದ್ದಿರಿ. ಬರ್ಗಾ ಬೇಗ ಹಾಕಿದರೆ ಕಡೆಯ ಮಳೆಯ ಮಹಾಪೂರಕ್ಕೆ ಬಾಂದಾರವೇ ಒಡೆದೀತು. ತಡಮಾಡಿದರೆ ನೀರೆಲ್ಲ ಹರಿದುಹೋದೀತು. ನೀರಾವರಿ ಇಲಾಖೆಯ ಆದೇಶ ಬಂದರೂ ಜನ ಮೊದಲು ಅಕ್ಕವ್ವನ ಮುಖ ನೋಡುತ್ತಿದ್ದರು. ಇಪ್ಪತ್ತು ವರ್ಷ ಹಲಗೆ ಇಳಿಸಿ ಮಣ್ಣು ತುಳಿಯುವ ಹೆಂಗಸರ ಗುಂಪಿನ ಮುಂದೆ ನಿಂತವಳು. ಎಡಗೈಯ ಎರಡು ಬೆರಳು ಹಲಗೆಗಳ ನಡುವೆ ಸಿಕ್ಕಿ ತುಂಡಾಗಿದ್ದವು. ಉಳಿದವುಗಳ ಮೇಲೆ ‘ಏಕ್, ದೋನ್, ತೀನ್’ ಎಂದು ಎಣಿಸಿ, ‘ನನ್ನ ಬಟ್ಟ ಮುಗದೂವು, ಮುಂದಿಂದ ನೀವ ಎಣಸ್ರೆವಾ’ ಎಂದು ನಗಿಸುತ್ತಿದ್ದಳು. ಮಳೆಗಾಲದ ಮುಂಜಾನೆ ಬಾಂದಾರದ ತುದಿಗೆ ಕೋಲು ಹಿಡಿದು ನಿಂತು ‘ಇವತ್ತ ಸಾಲಿ ಇಲ್ಲ, ಹೊಳ್ಳಿ ನಡೀರಿ’ ಎಂದಳೆಂದರೆ ಅದನ್ನು ದಾಟಿ ಆಚೆ ದಡದ ಶಾಲೆಗೆ ನಮ್ಮೂರ ಮಕ್ಕಳು ಹೋಗುವಂತಿರಲಿಲ್ಲ. ಮಾಸ್ತರರು ಹಾಜರಿ ಪುಸ್ತಕದಲ್ಲಿ ಅದನ್ನು ‘ಅಕ್ಕವ್ವನ ಸೂಟಿ’ ಎಂದೇ ಬರೆಯುತ್ತಿದ್ದರಂತೆ. ಅವಳಿದ್ದಷ್ಟು ಕಾಲ ಆ ಹೊಳೆಗೆ ಒಂದು ಮಗುವೂ ಬಲಿಯಾಗಲಿಲ್ಲ.

ಅವಳು ಹೋದದ್ದು 2009ರ ಶ್ರಾವಣದಲ್ಲಿ, ಜ್ವರದಿಂದ. ನಿಪ್ಪಾಣಿಯ ದವಾಖಾನೆಗೆ ಒಯ್ಯಲು ಶೇವಂತಾ ಗಾಡಿ ಹೂಡಿಸಿದ್ದಳು. ಮಲಗಿದ್ದಲ್ಲಿಂದಲೇ ಅಕ್ಕವ್ವ, ಮೂರನೇ ಕಂಬದಲ್ಲಿ ನೀರು ಎಷ್ಟಿದೆ ಎಂದು ಕೇಳಿದಳು. ಮಗಳು ಹೇಳಿದಳು. ‘ಹಂಗಾದ್ರ ಇವತ್ತ ದಾಟೂದ ಬ್ಯಾಡ’ ಎಂದಳು. ಎಲ್ಲರ ಮಕ್ಕಳಿಗೆ ಹೇಳಿದ ಮಾತನ್ನೇ ತನಗೂ ಹೇಳಿಕೊಂಡಳು. ಮೂರು ದಿನ ನೀರು ಇಳಿಯಲಿಲ್ಲ.

ಸೇತುವೆ ಬೇಕೆಂದು ಹೆಂಗಸರು ಎದ್ದದ್ದು ಆಮೇಲೆ. ಸೇತುವೆಗೆ ಅಕ್ಕವ್ವನ ಹೆಸರೇ ಇರಬೇಕೆಂದದ್ದೂ ಅವರೇ, ನಾನಲ್ಲ. ನಾನು ಮಾಡಿದ್ದು ಮನೆಮನೆಗೆ ಹೋದದ್ದು. 2011ರ ಗ್ರಾಮಸಭೆಗೆ ಇನ್ನೂರ ಹದಿನಾಲ್ಕು ಹೆಂಗಸರು ಬಂದರು. ಕೆಂಚವ್ವ ಕಣ್ಣು ಕಾಣದಿದ್ದರೂ ಮೊಮ್ಮಗಳ ಹೆಗಲು ಹಿಡಿದು ಬಂದು, ‘ಎಲ್ಲಿ ಒತ್ತಬೇಕ ತೋರಸವಾ ಸೀಮಾ, ಅಕ್ಕವ್ವನ ಹೆಸರಿನ ಮ್ಯಾಲ ಒತ್ತಿಗಿತ್ತೇನು’ ಎಂದಳು. ನಾನೇ ಅವಳ ಹೆಬ್ಬೆರಳು ಹಿಡಿದು ಒತ್ತಿಸಿದೆ. ಆ ಹೆಸರು ಅಲ್ಲಿರಲಿಲ್ಲ. ಹೆಸರಿನ ಜಾಗವನ್ನು ಖಾಲಿ ಬಿಡಿಸಿದವರು ನೀವು.

ನೆನಪಿದೆಯೇ? ಕಾರ್ಯದರ್ಶಿ ಠರಾವು ಬರೆಯುತ್ತಿದ್ದಾಗ ನೀವು ನನ್ನ ಕಿವಿಯಲ್ಲಿ, ಈಗಲೇ ಹೆಸರು ಬರೆದರೆ ಫೈಲು ಬೆಳಗಾವಿಯಲ್ಲೇ ಕೂರುತ್ತದೆ, ಮೊದಲು ಮಂಜೂರಿ ಆಗಲಿ ಎಂದಿರಿ. ನಮ್ಮ ಕಡೆ ಇದು ಹೊಸ ಪದ್ಧತಿಯಲ್ಲ. ಕೆಳಗೆ ಸಹಿಗಳು ಮೊದಲು ಬೀಳುತ್ತವೆ, ಮೇಲಿನ ಮಾತು ಆಮೇಲೆ ತುಂಬುತ್ತದೆ. ಇಷ್ಟು ಓದಿದ ನನಗೆ ಅದು ತಪ್ಪೆಂದು ಗೊತ್ತಿತ್ತು. ಆದರೆ ಅದು ನಿಮ್ಮ ಮಾತಾಗಿತ್ತು.

ಈ ಫೆಬ್ರವರಿಯಲ್ಲಿ ಶಾಸಕ ಸಾಹೇಬರು ಬಂದು ಸೇತುವೆಯ ಫಲಕದ ಮೇಲಿನ ಬಟ್ಟೆ ಎಳೆದರು. ಗ್ರಾನೈಟಿನ ಮೇಲೆ ಅವರ ತಂದೆಯ ಹೆಸರಿತ್ತು, ಬಂಗಾರದ ಬಣ್ಣದಲ್ಲಿ. ಕೈಲಾಸವಾಸಿ ದಾದಾಸಾಹೇಬ ಸೇತುವೆ. ಹೆಂಗಸರಲ್ಲಿ ಓದು ಬಂದವರು ಓದಿದರು, ಬಾರದವರು ಓದಿದವರ ಮುಖ ನೋಡಿದರು. ಚಪ್ಪಾಳೆ ವೇದಿಕೆಯ ಮೇಲಷ್ಟೇ ಆಯಿತು. ನೀವೂ ಅಲ್ಲಿದ್ದಿರಿ, ಎರಡನೇ ಸಾಲಿನಲ್ಲಿ. ಅದೇ ಹೆಸರಿನ ಬಸ್ ತಂಗುದಾಣದಲ್ಲಿ ಇಳಿದು, ಅದೇ ಹೆಸರಿನ ರಸ್ತೆ ಹಿಡಿದು, ಅದೇ ಹೆಸರಿನ ಹೈಸ್ಕೂಲು ದಾಟಿ, ಈಗ ಅದೇ ಹೆಸರಿನ ಸೇತುವೆಯ ಮೇಲೆ ನಾವು ಊರು ಸೇರುತ್ತೇವೆ. ನಮ್ಮ ಗಾಣದ ಮುರಗೆಪ್ಪಜ್ಜ ಅಂದೇ ಹೇಳಿದ: ‘ಪಾಪ, ದಾದಾಸಾಹೇಬ್ರಿಗೆ ಸತ್ತ ಮ್ಯಾಲ ಭಾಳ ತಿರಗಾಟ ಹತ್ತೇತಿ ನೋಡ್ರಿ. ಜೀವಂತ ಇದ್ದಾಗ ನಮ್ಮೂರಿನ ದಾರಿ ಸೈತ ಗೊತ್ತಿದ್ದಿಲ್ಲ ಅವರಿಗೆ.’ ಎಲ್ಲರೂ ನಕ್ಕರು. ಶೇವಂತಾ ನಗಲಿಲ್ಲ.

ಎರಡು ತಿಂಗಳಲ್ಲಿ ನೀವು ಸಾಹೇಬರ ಸಕ್ಕರೆ ಕಾರ್ಖಾನೆಯ ಸಂಚಾಲಕರಾದಿರಿ. ಕಾರ್ಖಾನೆಯ ಹೆಸರನ್ನು ಮತ್ತೆ ಹೇಳಬೇಕಾಗಿಲ್ಲ.

ಅದೇ ವೇಳೆಗೆ ಊರಿನ ಹೆಂಗಸರು ಮಾಹಿತಿ ಹಕ್ಕಿನಲ್ಲಿ ಠರಾವಿನ ನಕಲು ತರಿಸಿದರು. ಠರಾವು ಕಾರ್ಯದರ್ಶಿಯ ನೆಟ್ಟಗಿನ ಅಕ್ಷರದಲ್ಲಿತ್ತು. ಹೆಸರು ಮಾತ್ರ ಬೇರೆ ಕೈಯದು, ಬಲಕ್ಕೆ ವಾಲಿದ ಅಕ್ಷರ. ಅದು ಯಾವ ಅಕ್ಷರವೆಂದು ಊರಿಗೆಲ್ಲ ಗೊತ್ತು. ಮದುವೆಯಾದ ಮೇಲೆ ಕನ್ನಡ ಬರೆಯಲು ಕಲಿತವಳು ನಾನು. ಇಂಗ್ಲಿಷ್ ಕರ್ಸಿವ್ ಅಕ್ಷರದ ರೂಢಿಯಿಂದ ನನ್ನ ಕನ್ನಡವೂ ವಾಲುತ್ತದೆ. ಸಾಕ್ಷರತೆಯ ತರಗತಿಯಲ್ಲಿ ನನ್ನಿಂದ ಕಲಿತ ಮೂವತ್ತು ಹೆಂಗಸರೂ ಹಾಗೆಯೇ ವಾಲಿಸಿ ಬರೆಯುತ್ತಾರೆ. ‘ಸೀಮಕ್ಕನ ಅಕ್ಷರ ಗಾಳಿಗಿ ಬಿದ್ದ ಕಬ್ಬ ಇದ್ದಂಗ, ಎಲ್ಲಾ ಒಂದ ಕಡೆ’ ಎಂದು ತಮಾಷೆ ಮಾಡುತ್ತಿದ್ದವಳು ಶೇವಂತಾ. ಅವಳ ಅಕ್ಷರ ನನ್ನದನ್ನೇ ಹೋಲುತ್ತದೆ. ಪಂಚಾಯತಿಯ ಮೆಂಬರ್ ಆಗಿದ್ದವಳೂ ಅವಳೇ. ಠರಾವಿನ ಪುಸ್ತಕ ಕೈಗೆ ಸಿಗುತ್ತಿದ್ದವಳೂ ಅವಳೇ.

ನನ್ನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ದೊಡ್ಡ ಮನೆಯವರ ಮೇಲೆ ಅನುಮಾನ ಬರುವ ಹೊತ್ತಿಗೆ ಊರಲ್ಲಿ ಅನುಮಾನವೇ ಮುಗಿದಿರುತ್ತದೆ.

ಅಂದಿನಿಂದ ಶೇವಂತಾಳ ಮನೆಗೆ ಹೆಂಗಸರು ಹೋಗುವುದು ನಿಂತಿದೆ. ಅವಳ ಮಗಳು ಮಯೂರಿ ಶಾಲೆಯಿಂದ ಅಳುತ್ತ ಬಂದಳಂತೆ. ‘ನಿಮ್ಮವ್ವ ನಿಮ್ಮಜ್ಜಿನ್ನ ಮಾರ್ಕೊಂಡಾಳ’ ಎಂದು ಯಾರೋ ಅಂದಿದ್ದರು. ಬುದ್ಧಪೂರ್ಣಿಮೆಯ ದಿನ ಅವರ ಕೇರಿಯಲ್ಲಿ ಖೀರು ಹಂಚುವಾಗ ಅವಳ ಕೈಯಿಂದ ಇಬ್ಬರು ತೆಗೆದುಕೊಳ್ಳಲಿಲ್ಲ. ಅವಳು ಯಾರ ಹತ್ತಿರವೂ ವಾದ ಮಾಡಲಿಲ್ಲ. ನನ್ನ ಬಳಿ ಒಮ್ಮೆ ಮಾತ್ರ ಕೇಳಿದಳು, ‘ಅಕ್ಕಾರ, ನಮ್ಮ ಮೂವತ್ತ ಮಂದ್ಯಾಗ ಯಾರಿದ್ದೀತ ಅಂತೀರಿ?’ ನಾನು ಹಾಲು ಉಕ್ಕುತ್ತಿದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ.

ಎಂಟು ತಿಂಗಳು ನಾನು ಸುಮ್ಮನಿದ್ದದ್ದು ನಿಮ್ಮನ್ನು ಉಳಿಸಲು ಎಂದುಕೊಂಡಿದ್ದೆ. ಗಂಡನ ಮಾನ ಎಂಬ ಮಾತು ನನ್ನಂಥವಳಿಗೂ ಎಷ್ಟು ಸಲೀಸಾಗಿ ಒದಗುತ್ತದೆ ನೋಡಿ. ನಿಜವಾಗಿ ನಾನು ಉಳಿಸಿಕೊಳ್ಳುತ್ತಿದ್ದದ್ದು ‘ಸೀಮಕ್ಕ’ ಎಂಬುದನ್ನು. ಆ ಮೂವತ್ತು ಹೆಂಗಸರು ಕಂಡರೆ ಎದ್ದು ನಿಲ್ಲುತ್ತಾರಲ್ಲ, ಅದನ್ನು.

ಕಳೆದ ಬುಧವಾರ ಮುರಗೆಪ್ಪಜ್ಜ ಬಂದು ಇನ್ನೊಂದು ಮಾತು ಹೇಳಿದ. ನಕಲು ಬಂದ ವಾರ ನೀವು ಊರಿಗೆ ಬಂದು ನನ್ನನ್ನು ಕಾಣದೆ ಹೋದಿರಲ್ಲ, ಅಂದು ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಆ ಕಾಗದವನ್ನು ಬೆಳಕಿಗೆ ಹಿಡಿದು ನೀವು ಅಂದಿರಂತೆ: ‘ಇದು ಹೆಣ್ಮಕ್ಕಳ ಅಕ್ಷರ ಐತಲ್ಲೋ. ಶೇವಂತಾನ್ನ ಕೇಳ್ರಿ, ಅಕಿನ ಮೆಂಬರ್ ಇದ್ಲು.’ ಊರು ತಾನಾಗಿಯೇ ತಪ್ಪು ತಿಳಿಯಿತೆಂದು ನಾನು ಭಾವಿಸಿದ್ದೆ. ಊರಿಗೆ ದಾರಿ ತೋರಿಸಿದವರು ನೀವು. ‘ವೈನಿ, ನಂಗ್ಯಾಕೋ ಅವತ್ತಿಂದ ಚಹಾ ರುಚಿ ಹತ್ತವಲ್ತು’ ಎಂದ ಮುರಗೆಪ್ಪಜ್ಜ. ಅಷ್ಟು ಹೇಳಿ ನನ್ನ ಮುಖ ನೋಡುತ್ತ ಕೂತ. ಅವನಿಗೆ ಗೊತ್ತಿದೆಯೋ ಏನೋ.

ನೀವು ಸೇತುವೆಗೆ ಯಾರ ಹೆಸರಿಡಿಸಿದಿರಿ ಎಂಬುದನ್ನು ನಾನು ಕ್ಷಮಿಸಿಬಿಡುತ್ತಿದ್ದೆನೇನೋ. ರಾಜಕಾರಣ ಎಂದರೆ ಹೀಗೆಯೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಆ ಅಕ್ಷರ ಯಾರದೆಂದು ಕಣ್ಣಾರೆ ಕಂಡಿದ್ದ ನೀವು ಬೇರೆಯವಳ ಹೆಸರು ಹೇಳಿದಿರಿ. ಅದೂ ಅಕ್ಕವ್ವನ ಮಗಳದು.

ಇಂದಿನವರೆಗೆ ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ತಿಳಿಯದ ಮಾತನ್ನು ಈಗ ಹೇಳುತ್ತೇನೆ. ಗ್ರಾಮಸಭೆಯಾದ ಮೂರನೆಯ ದಿನ ನೀವು ಠರಾವಿನ ಪುಸ್ತಕವನ್ನು ಕಾರ್ಯದರ್ಶಿಯಿಂದ ಇಸಿದುಕೊಂಡು ಮನೆಗೆ ತಂದಿರಿ. ಮಂಜೂರಿಗಾಗಿ ಮಾತ್ರ ದಾದಾಸಾಹೇಬರ ಹೆಸರು ಹಾಕೋಣ, ಸೇತುವೆ ಎದ್ದ ಮೇಲೆ ಇನ್ನೊಂದು ಠರಾವಿನಲ್ಲಿ ಅಕ್ಕವ್ವನ ಹೆಸರಿಗೆ ಬದಲಿಸೋಣ ಎಂದಿರಿ. ‘ಹೆಸರ ಅಂದ್ರ ಕೀಲಿಕೈ ಇದ್ದಂಗ, ಬಾಗಲಾ ತಗದ ಮ್ಯಾಲ ಯಾರ ಕೇಳತಾರ’ ಎಂದಿರಿ. ನಿಮ್ಮ ಅಕ್ಷರವಾದರೆ ಎಲ್ಲರೂ ಗುರುತಿಸುತ್ತಾರೆ ಎಂದು ಪೆನ್ನನ್ನು ನನ್ನ ಕೈಗೆ ಕೊಟ್ಟಿರಿ. ಆ ಹೆಸರು ಬರೆದದ್ದು ನಾನು.

ಇಲ್ಲಿ ಪೆನ್ನು ನಿಂತು ಶಾಯಿ ಹರಡಿದೆ. ಹಾಳೆ ಬದಲಿಸುವುದು ಬೇಡವೆನಿಸಿತು.

ನಿಮ್ಮನ್ನು ನಂಬಿ ಬರೆದೆ ಎನ್ನಬಹುದು. ಆದರೆ ಕೆಂಚವ್ವ ನನ್ನನ್ನು ನಂಬಿ ಹೆಬ್ಬೆರಳು ಕೊಟ್ಟಿದ್ದಳು, ಅವಳಿಗೆ ಕಣ್ಣಿರಲಿಲ್ಲ. ನನಗಿತ್ತು. ನೀವು ನನಗೆ ಮಾಡಿದ್ದನ್ನೇ ನಾನು ಅವರಿಗೆ ಮಾಡಿದ್ದೇನೆ, ಮೂರು ದಿನ ಮೊದಲೇ. ಇಷ್ಟಾದರೂ ನಿಮ್ಮ ಮೇಲಿನ ಸಿಟ್ಟು ಇಳಿಯುವುದಿಲ್ಲ. ಇಳಿಯಬೇಕೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಬೇಡವೆಂದೇ ಉತ್ತರ ಬರುತ್ತದೆ.

ಈ ಪತ್ರ ನಾಳೆ ನಿಮಗೆ ತಲುಪುವುದಿಲ್ಲ, ಅದು ನನಗೆ ಗೊತ್ತು. ಆದ್ದರಿಂದ ಬಂದು ನಿಜ ಹೇಳಿ ಎಂದು ಬೇಡುತ್ತಿಲ್ಲ. ಬಾಂದಾರದ ಮೇಲೆ ಎಲ್ಲರೂ ಸೇರಿದಾಗ ಹೋಗಿ ನಿಂತು ಹೇಳಬೇಕೆಂದಿದ್ದೇನೆ. ಬಾಯಿ ಏಳುತ್ತದೆಯೋ ಇಲ್ಲವೋ ತಿಳಿಯದು. ಹೇಳಿದರೆ ನನ್ನ ಹೆಸರಿನ ಜೊತೆಗೆ ನಿಮ್ಮದೂ ಬರುತ್ತದೆ. ಅದಕ್ಕೆಂದೇ ಪತ್ರದ ಮೊದಲ ಸಾಲಿನಲ್ಲಿ ಅದನ್ನು ಹೇಳಿ ರೂಢಿ ಮಾಡಿಕೊಂಡೆ.

ನಿಮ್ಮ ರೇಷನ್ ಕಾರ್ಡಿನಲ್ಲಿ ಇನ್ನೂ ಇರುವ,
ಸೀಮಾ

ತಾ.ಕ.: ನನ್ನ ರುಜು ಮತ್ತು ಈ ಕೆಳಗಿನ ಸಾಲುಗಳು ಮಾತ್ರ ನನ್ನ ಕೈಯವು. ಮೇಲಿನ ಪತ್ರವನ್ನು ನಾನು ಹೇಳಿದೆ, ಶೇವಂತಾ ಬರೆದಳು. ಅಕ್ಷರ ನೋಡಿ ನಿಮಗೂ ತಿಳಿದಿರಲಿಕ್ಕಿಲ್ಲ. ಎದುರು ನಿಂತು ಒಪ್ಪಿಕೊಳ್ಳುವ ಧೈರ್ಯ ನನಗಿರಲಿಲ್ಲ. ಮಣಿಕಟ್ಟು ನೋಯುತ್ತಿದೆ, ಪತ್ರ ಬರೆದುಕೊಡು ಎಂದು ಸುಳ್ಳು ಹೇಳಿ ಕರೆಸಿದೆ. ನಿಮಗೆ ಹೇಳುವ ನೆಪದಲ್ಲಿ ಅವಳಿಗೆ ಹೇಳಿದೆ. ಶಾಯಿ ಹರಡಿದ ಜಾಗದಲ್ಲಿ ಅವಳು ತಲೆ ಎತ್ತಲಿಲ್ಲ. ‘ಮುಂದ ಹೇಳ್ರಿ’ ಎಂದಳು. ಅಕ್ಕಾರ ಅನ್ನಲಿಲ್ಲ. ಎಲ್ಲ ಮುಗಿದ ಮೇಲೆ ಮೊದಲಿನಿಂದ ಗಟ್ಟಿಯಾಗಿ ಒಮ್ಮೆ ಓದಿ, ಹೊಸ ಹಾಳೆಯೊಂದನ್ನು ನನ್ನ ಮುಂದೆ ಇಟ್ಟಿದ್ದಾಳೆ. ‘ಇದರದ್ದ ಒಂದ ನಕಲ ಬೇಕ್ರಿ ನನಗ. ನಿಮ್ಮ ಕೈಲೇ ಬರೀರಿ. ನಾಳಿ ಬರ್ಗಾ ಇಳಸೂಕಿಂತ ಮೊದಲ ನಾ ಅಲ್ಲಿ ನಿಂತ ಓದತೀನಿ. ಎಲ್ಲೂ ಖಾಲಿ ಜಾಗಾ ಬಿಡಬ್ಯಾಡ್ರಿ.’