ತುದಿ ಹೊಲಿದ ಬಾವುಟ

ಕ್ರೇಗಿಬರ್ನ್, ಮೆಲ್ಬರ್ನ್
17 ಆಗಸ್ಟ್ 2025, ಭಾನುವಾರ

ಪ್ರೀತಿಯ ಇಂದ್ರೇಶಾ,

ಅಪ್ಪ ನಮಗೆ ಬರೆಯುವಾಗ ಹೆಸರಿನ ಹಿಂದೆ ಚಿರಂಜೀವಿ ಎಂದು ಸೇರಿಸುತ್ತಿದ್ದರು. ನಾನೂ ಹಾಗೇ ಶುರು ಮಾಡಿ, ಹೊಡೆದು ಹಾಕಿ, ಬೇರೆ ಹಾಳೆ ತೆಗೆದುಕೊಂಡೆ. ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ನಿದ್ದೆ ಬರುತ್ತಿದೆಯೇ? ಸಿಡ್ನಿಯಲ್ಲೂ ಇಷ್ಟೇ ಚಳಿಯೇ? ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಮೆಸೇಜಿಗೆ ಹೆಬ್ಬೆರಳಿನ ಚಿತ್ರ ಬರುತ್ತದೆ. ಎರಡು ತಿಂಗಳಿಂದ ನನ್ನ ತಮ್ಮನೆಂದರೆ ಒಂದು ಹಳದಿ ಹೆಬ್ಬೆರಳು. ಕಾಗದಕ್ಕೆ ಹಾಗೆ ಉತ್ತರ ಕೊಡಲಾಗದು ಎಂದುಕೊಂಡು ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಇಂಚರಾಳಿಗೆ ಕಾರು ಕಲಿಸುತ್ತಿದ್ದೇನೆ. ನಾನು ಕನ್ನಡದಲ್ಲಿ ಹೆದರುತ್ತೇನೆ, ಅವಳು ಇಂಗ್ಲಿಷಿನಲ್ಲಿ ಸಮಾಧಾನ ಹೇಳುತ್ತಾಳೆ. ಆಗಸ್ಟಿನ ಗಾಳಿ ಶುರುವಾಗಿದೆ. ಗಾಳಿಯ ಬಗ್ಗೆ ನನಗೆ ಹಿಂದೆಂದೂ ಇಲ್ಲದ ಆಸಕ್ತಿ ಬಂದಿದೆ. ಅದಕ್ಕೆ ಕಾರಣ ಪಕ್ಕದ ಮನೆಯ ಗ್ಲೆನಿಸ್.

ನೀನು ಸೈನ್ಯ ಬಿಟ್ಟ ವರ್ಷ ಇಲ್ಲಿಗೆ ಬಂದಿದ್ದಾಗ ಅವರ ಅಂಗಳದ ಕಂಬದ ಮುಂದೆ ಬಹಳ ಹೊತ್ತು ನಿಂತಿದ್ದೆ. ಬೂದು ಬಟ್ಟೆ, ನಡುವೆ ಮೇಲಿಂದ ಕೆಳಕ್ಕೆ ಒಂದು ಬಿಳಿ ಪಟ್ಟಿ. ಅದು ಯಾವ ದೇಶದ್ದೆಂದು ನಾನು ಕೇಳಿದ್ದಕ್ಕೆ, "ದೇಶದ್ದಲ್ಲ ಅಣ್ಣಾ" ಎಂದಷ್ಟೇ ಹೇಳಿ ನೀನು ಒಳಗೆ ಹೋದೆ. ನಿನಗೆ ಆಗಲೇ ಗೊತ್ತಿತ್ತೆಂದು ಈಗ ತೋರುತ್ತದೆ. ಯುದ್ಧದಿಂದ ಮನೆಗೆ ಬಂದು, ಆಮೇಲೆ ತಾವೇ ಜೀವ ಕಳೆದುಕೊಂಡ ಸೈನಿಕರಿಗಾಗಿ ಕೆಲವು ತಾಯಂದಿರು ಸೇರಿ ಹೊಲಿದುಕೊಂಡ ಬಾವುಟ ಅದು. ಗ್ಲೆನಿಸ್ ಮಗ ಡೇಲ್ ಅವರಲ್ಲೊಬ್ಬ.

ಜೂನಿನಲ್ಲಿ ಗ್ಲೆನಿಸ್‌ಗೆ ಸೊಂಟದ ಆಪರೇಷನ್ ಆಯಿತು. ಬಾವುಟ ನೋಡಿಕೊಳ್ಳುವಿರಾ ಎಂದು ಕೇಳಿದರು. ಒಪ್ಪಿಕೊಂಡೆ. ಮೊದಲ ಬೆಳಿಗ್ಗೆ ಅದನ್ನು ಅರ್ಧಕ್ಕೆ ಏರಿಸಿ ನಿಲ್ಲಿಸಿದೆ. ಸತ್ತವರಿಗೆ ಹಾಗಲ್ಲವೇ ನಾವು ಮಾಡುವುದು? ಕಿಟಕಿಯ ಗಾಜು ಕುಟ್ಟಿದ ಸದ್ದಾಯಿತು. ಒಳಗಿಂದ ಗ್ಲೆನಿಸ್ ಕೈಯೆತ್ತಿ ಮೇಲಕ್ಕೆ, ಇನ್ನೂ ಮೇಲಕ್ಕೆ ಎನ್ನುತ್ತಿದ್ದರು. ಯುದ್ಧಸ್ಮಾರಕದ ಕಲ್ಲಿನ ಮೇಲೆ ಡೇಲ್ ಹೆಸರಿಲ್ಲ, ಇಲ್ಲಾದರೂ ತುದಿ ಮುಟ್ಟಲಿ ಎಂದು ಆಮೇಲೆ ಹೇಳಿದರು.

ಬಾವುಟದ ಆರೈಕೆ ಎಂದರೆ ಏರಿಸುವುದು ಇಳಿಸುವುದು ಎಂದುಕೊಂಡಿದ್ದೆ. ಕಂಬದ ಕಡೆಯ ಅಂಚಿಗೆ ಏನೂ ಆಗುವುದಿಲ್ಲ. ಬಡಿದಾಡುವ ತುದಿ ಎಳೆ ಎಳೆಯಾಗಿ ಬಿಡುತ್ತದೆ. ಬಿಟ್ಟಷ್ಟನ್ನು ಕತ್ತರಿಸಿ, ಮಡಚಿ, ಮತ್ತೆ ಹೊಲಿಯಬೇಕು. ಹೊಲಿದಾಗಲೆಲ್ಲ ಬಾವುಟ ಒಂದಿಷ್ಟು ಗಿಡ್ಡವಾಗುತ್ತದೆ. ಬಿಳಿ ಪಟ್ಟಿ ಈಗ ನಡುವೆ ಉಳಿದಿಲ್ಲ, ಅಂಚಿನ ಕಡೆಗೆ ಬಂದುಬಿಟ್ಟಿದೆ. ಗ್ಲೆನಿಸ್ ನನಗೆ ಹೇಳಿಕೊಟ್ಟದ್ದು ಒಂದೇ ನಿಯಮ: ಹರಿಯಿತೋ ಇಲ್ಲವೋ ಎಂದು ನೋಡುತ್ತ ನಿಲ್ಲಬೇಡ, ಗಾಳಿ ಜೋರಾಗುವ ಮುಂಚೆಯೇ ಒಳಗೆ ತೆಗೆದುಕೋ.

ಈಗ ನಿನಗೆ ಹೇಳಬೇಕಾದದ್ದಕ್ಕೆ ಬರುತ್ತೇನೆ. ಹೋದ ತಿಂಗಳು ನಿನ್ನ ಹುಟ್ಟುಹಬ್ಬದ ದಿನವೂ ಹೆಬ್ಬೆರಳೇ ಬಂದಾಗ ವಿಜಯ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, "ರೀ, ಇಂದ್ರೇಶ ಏನಾದರೂ ಮಾಡ್ಕೊಂಡ್‌ಬಿಟ್ರೆ?" ಎಂದಳು. ಅವಳ ಮಾತು ಮುಗಿಯುವಷ್ಟರಲ್ಲಿ "ಬಿಡ್ತು ಅನ್ನು" ಎಂದೆ. ಅವ್ವ ಹೇಳುತ್ತಿದ್ದ ಹಾಗೆಯೇ, ಅದೇ ದನಿಯಲ್ಲಿ. ವಿಜಯ "ಬಿಡ್ತು" ಎಂದಳು, ನಲ್ಲಿ ತಿರುಗಿಸಿದಳು. ಕೆಟ್ಟ ಮಾತು ಹಾಗೆ ಮನೆಯಿಂದ ಹೊರಗೆ ಹೋಯಿತೆಂದು ನಾವಿಬ್ಬರೂ ನಂಬಿದೆವು, ಅಥವಾ ನಂಬಿದ ಹಾಗೆ ಮಲಗಿದೆವು.

ಇವತ್ತು ಮಧ್ಯಾಹ್ನ ಗ್ಲೆನಿಸ್ ಅವರ ಅಡುಗೆಮನೆಯ ಮೇಜಿನ ಮೇಲೆ ಬಾವುಟದ ತುದಿ ಹೊಲಿಯುತ್ತಿದ್ದೆ. ನನ್ನ ಹೊಲಿಗೆ ಕುಡಿದವನು ನಡೆದ ಹಾಗಿದೆ ಎಂದು ನಕ್ಕರು. ಆಮೇಲೆ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: "ದಿನಾ ಸಂಜೆ ಡೇಲ್‌ಗೆ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳ್ತಿದ್ದೆ. ಆಯ್ತಮ್ಮ ಅಂತಿದ್ದ. ಇನ್ನೊಂದು ಪ್ರಶ್ನೆ ನನ್ನ ಬಾಯಲ್ಲೇ ಇತ್ತು. ಕೇಳಿದರೆ ಅವನಿಗೆ ಹೊಳೆದುಬಿಡುತ್ತೇನೋ ಅಂತ ಹೆದರಿದೆ." ಸೂಜಿ ನನ್ನ ಕೈಯಲ್ಲಿ ಹಾಗೇ ನಿಂತಿತು. ಇಂಗ್ಲಿಷಿನಲ್ಲಿ ಆಡಿದ ಆ ಮಾತು ನನಗೆ ಕೇಳಿಸಿದ್ದು ನಮ್ಮ ಮನೆಯ ಕನ್ನಡದಲ್ಲಿ. ನಿನಗೆ ನಾನು ಈ ಎರಡು ತಿಂಗಳಲ್ಲಿ ಕಳಿಸಿದ ಮೆಸೇಜುಗಳನ್ನೆಲ್ಲ ಅಲ್ಲೇ ತೆಗೆದು ನೋಡಿದೆ. ಊಟ ಆಯ್ತಾ. ಊಟ ಆಯ್ತೇನೋ. ಏನ್ ಅಡುಗೆ. ಈ ಕಾಗದವನ್ನೂ ಮೊಣಕಾಲು, ನಿದ್ದೆ, ಚಳಿ ಎಂದೇ ಶುರು ಮಾಡಿದ್ದೇನೆ ನೋಡು.

ನಿನ್ನ ಅತ್ತಿಗೆ ಚಟ್ನಿಪುಡಿ ಕುಟ್ಟಿದ್ದಾಳೆ. ಇಂಚರಾ ಚಿಕ್ಕಪ್ಪನಿಗೆ ಹಲೋ ಹೇಳು ಎಂದಳು, ಅವಳ ಮಟ್ಟಿಗೆ ಅದು ದೀರ್ಘ ಸಂಭಾಷಣೆ. ಅಪ್ಪ ಬರೆಯುತ್ತಿದ್ದ ಆ ಪದವನ್ನು ಮೊದಲ ಹಾಳೆಯಲ್ಲಿ ಹೊಡೆದು ಹಾಕಿದ್ದೆನಲ್ಲ, ಅದನ್ನು ಇಲ್ಲಿ ನಿನಗೆ ಹರಸಿ ಬರೆಯುತ್ತೇನೆ: ಚಿರಂಜೀವಿಯಾಗು.

ನಿನ್ನ ಅಣ್ಣ,
ಯೋಗೀಶ

ಮರೆತಿದ್ದು: ಇದನ್ನು ಪೋಸ್ಟಿಗೆ ಹಾಕುತ್ತಿಲ್ಲ. ನಾಳೆ ಬೆಳಗಿನ ಫ್ಲೈಟ್ ಬುಕ್ ಮಾಡಿದ್ದೇನೆ, ಬಾವುಟವನ್ನು ವಿಜಯ ನೋಡಿಕೊಳ್ಳುತ್ತಾಳೆ. ನೀನು ಇದನ್ನು ಓದುವಾಗ ನಾನು ನಿನ್ನ ಎದುರಿಗೇ ಕೂತಿರುತ್ತೇನೆ. ಬಾಯಲ್ಲಿ ಕೇಳುವ ಧೈರ್ಯ ಆಗದೆ ಹೋದರೆ ಎಂದು ಇಲ್ಲಿ ಬರೆದಿಟ್ಟಿದ್ದೇನೆ. ಸಾಯಬೇಕು ಅನ್ನಿಸುತ್ತಿದೆಯೇನೋ, ತಮ್ಮಾ? ಹೌದು ಎಂದರೂ ಹೇಳು. ನಾನು ಬಿಡ್ತು ಅನ್ನು ಎನ್ನುವುದಿಲ್ಲ. ವಾಪಸ್ ಟಿಕೆಟ್ ತೆಗೆದಿಲ್ಲ.